ನಾಡಿ ನೋಡದೆ ಕೊಟ್ಟ ಮಾಜೂನು

ನಮ್ಮ ರಾಜ್ಯದ ಯಾವ ಊರಿಗೇ ಹೋಗಲಿ, ಬಸ್ ನಿಲ್ದಾಣದ ಹಿಂಬದಿಯ ಗೋಡೆ, ರೈಲು ಹಳಿಯ ಪಕ್ಕದ ಕಾಂಪೌಂಡು, ಸಾರ್ವಜನಿಕ ಮೂತ್ರಾಲಯದ ಒಳಭಾಗ - ಈ ಮೂರು ಕಡೆ ಒಂದೇ ಬಗೆಯ ಬರಹಗಳನ್ನು ನಾವು ಓದುತ್ತಲೇ ದೊಡ್ಡವರಾಗಿದ್ದೇವೆ. ನರ ದೌರ್ಬಲ್ಯ, ಗುಪ್ತ ರೋಗ, ಮದುವೆಗೆ ಮುಂಚೆ, ಮದುವೆಯ ನಂತರ, ನಿರಾಶರಾದವರು ಒಮ್ಮೆ ಭೇಟಿ ಕೊಡಿ. ಕೆಳಗೆ ಒಂದು ಲಾಡ್ಜಿನ ಹೆಸರು, ತಿಂಗಳಲ್ಲಿ ಎರಡು ತಾರೀಕು. ಈಗ ಆ ಗೋಡೆ ಮೊಬೈಲಿನೊಳಗೆ ಬಂದು ಕುಳಿತಿದೆ. ಲಾಡ್ಜಿನ ಬದಲು ಕೊರಿಯರ್, ಪುಡಿಯ ಪೊಟ್ಟಣದ ಬದಲು ಚಿನ್ನದ ಬಣ್ಣದ ಮುಚ್ಚಳವಿರುವ ಡಬ್ಬಿ. ಅದರ ಮೇಲೆ ಸಿಂಹವೋ ಕುದುರೆಯೋ ಇರುತ್ತದೆ, ಪಕ್ಕದಲ್ಲಿ ‘ಮೆನ್ಸ್ ಹೆಲ್ತ್’ ಎಂಬ ಗೌರವಾನ್ವಿತ ಹೆಸರು. ಸತು, ಸೆಲೆನಿಯಂ, ಅಶ್ವಗಂಧ, ಶಿಲಾಜಿತು, ನೆಗ್ಗಿಲು, ಮಲ್ಟಿವಿಟಮಿನ್. ಕೆಲವು ಡಬ್ಬಿಗಳಿಗೆ ತಿಬ್ಬೆ ನಬವಿಯ ಹೆಸರೂ ಸೇರಿ ಕರಿಜೀರಿಗೆ ಎಣ್ಣೆ, ಖರ್ಜೂರ, ಜೇನುತುಪ್ಪದ ಬೆಲೆ ನಾಲ್ಕು ಪಟ್ಟು ಆಗಿರುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ನಮ್ಮನ್ನು ಕೇಳುವವರಿದ್ದಾರೆ. ಕೇಳುವವರು ಸಾಮಾನ್ಯವಾಗಿ ನಲವತ್ತು ದಾಟಿದವರು. ಸ್ವಲ್ಪ ತಗ್ಗಿದ ದನಿಯಲ್ಲಿ, ಅದೂ ‘ನಮ್ಮ ಸ್ನೇಹಿತರೊಬ್ಬರಿಗೆ’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಈ ಪ್ರಶ್ನೆಯೇ ಒಂದು ಇತಿಹಾಸದ ಕೂಸು. ಒಂದು ಕಾಲದಲ್ಲಿ ‘ಈ ಮನುಷ್ಯನಲ್ಲಿ ಏನು ಕಡಿಮೆಯಾಗಿದೆ?’ ಎಂದು ವೈದ್ಯರು ರೋಗಿಯನ್ನು ನೋಡಿ ಕೇಳಿಕೊಳ್ಳುತ್ತಿದ್ದರು. ಅದು ‘ಗಂಡಸರು ಯಾವುದನ್ನು ಕೊಳ್ಳಬೇಕು?’ ಎಂದು ಬದಲಾದದ್ದು ಹೇಗೆ? ಇದನ್ನು ತಿಳಿಯದೆ ಡಬ್ಬಿ ಆರಿಸುವುದು ಕುರುಡರು ಸಂತೆಗೆ ಹೋದಂತೆ.

ಯೂನಾನಿ ತಿಬ್ಬಿನಿಂದಲೇ ಆರಂಭಿಸೋಣ. ಏಕೆಂದರೆ ‘ಮರ್ದಾನಾ ತಾಕತ್’ ಎಂದ ಕೂಡಲೇ ಜನರಿಗೆ ನೆನಪಾಗುವುದು ಹಕೀಮರೇ. ಸುಮಾರು 1025ರಲ್ಲಿ ಪೂರ್ಣಗೊಂಡ ಇಬ್ನ್ ಸೀನಾರ ‘ಅಲ್ ಕಾನೂನ್’ ಐದು ಸಂಪುಟಗಳ ಗ್ರಂಥ. ತಲೆಯಿಂದ ಪಾದದವರೆಗಿನ ರೋಗಗಳನ್ನು ಹೇಳುವ ಮೂರನೆಯ ಸಂಪುಟದಲ್ಲಿ ಪುರುಷನ ಜನನಾಂಗಗಳ ಬಗ್ಗೆಯೂ ಒಂದು ಭಾಗವಿದೆ. ಯಕೃತ್ತು, ಮೂತ್ರಪಿಂಡಗಳ ಬಗ್ಗೆ ಬರೆದ ಅದೇ ಧಾಟಿಯಲ್ಲಿ, ಯಾವ ಸಂಕೋಚವೂ ಇಲ್ಲದೆ ಅದನ್ನು ಬರೆಯಲಾಗಿದೆ. ಗುಪ್ತ ರೋಗ ಎಂಬ ಪದವನ್ನು ಕಟ್ಟಿಕೊಂಡದ್ದು ನಾವು. ತಿಬ್ಬಿನ ಪ್ರಕಾರ ಚಿಕಿತ್ಸೆಗೆ ಒಂದು ಕ್ರಮವಿದೆ. ಮೊದಲು ತದ್‌ಬೀರ್, ಅಂದರೆ ಗಾಳಿ, ನಿದ್ರೆ, ವ್ಯಾಯಾಮ, ಮನಸ್ಸಿನ ಸ್ಥಿತಿ, ಮಲಮೂತ್ರಗಳನ್ನು ಸರಿಪಡಿಸುವುದು. ಜೊತೆಗೆ ಗಿಝಾ, ಅಂದರೆ ಆಹಾರ. ಇವುಗಳಿಂದ ಆಗದಿದ್ದರೆ ದವಾ. ಅದೂ ಸಾಲದಿದ್ದರೆ ಶಸ್ತ್ರಕ್ರಿಯೆ. ಬಲ ಕೊಡುವ ಮಾಜೂನುಗಳು ಬರುವುದು ಈ ಸಾಲಿನ ಮೂರನೆಯ ಹಂತದಲ್ಲಿ.

ಆ ಹಂತಕ್ಕೆ ಬಂದಾಗಲೂ ಹಕೀಮರು ನಾಡಿ ಹಿಡಿಯಬೇಕು, ಮೂತ್ರ ನೋಡಬೇಕು, ಮಿಝಾಜ್ ತಿಳಿಯಬೇಕು. ಶೀತ ಪ್ರಕೃತಿಯವನಿಗೆ ಕೊಟ್ಟ ಕೇಸರಿ ಹಾಕಿದ ಮಾಜೂನು ಉಷ್ಣ ಪ್ರಕೃತಿಯವನಿಗೆ ಕೆಡುಕು ಮಾಡುತ್ತದೆ ಎಂಬುದು ಅವರ ತಿಳಿವಳಿಕೆ. ಮಿಝಾಜಿನ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪಬೇಕೆಂದು ನಾವು ವಾದಿಸುವುದಿಲ್ಲ. ಆ ಔಷಧಗಳೆಲ್ಲ ಪರಿಣಾಮಕಾರಿಯಾಗಿದ್ದವು ಎಂದೂ ಹೇಳುವುದಿಲ್ಲ. ಉದಾಹರಣೆಗೆ ಸಾಲಬ್ ಮಿಸ್ರಿ. ಅದು ಒಂದು ಬಗೆಯ ಆರ್ಕಿಡ್ ಗಿಡದ ಗೆಡ್ಡೆ. ಅದರ ಅರಬಿ ಹೆಸರಿನ ಅರ್ಥ ‘ನರಿಯ ವೃಷಣ’. ಜೋಡಿ ಗೆಡ್ಡೆಗಳು ಹಾಗೆ ಕಾಣುತ್ತವೆ, ಆದ್ದರಿಂದ ಅವು ಆ ಅಂಗಕ್ಕೆ ಒಳ್ಳೆಯದು ಎಂಬ ನಂಬಿಕೆ ಗ್ರೀಕರಿಂದ ಬಂದದ್ದು. ಆಕಾರ ನೋಡಿ ಗುಣ ಹೇಳುವ ಈ ತರ್ಕ ಇಂದಿಗೂ ಗ್ರಂಥಿಗೆ ಅಂಗಡಿಗಳಲ್ಲಿ ಕೆಲಸ ಮಾಡುತ್ತಿದೆ. ಆದರೆ ತಪ್ಪು ಔಷಧವನ್ನೂ ಹಕೀಮರು ಒಬ್ಬ ಮನುಷ್ಯನ ಮುಖ ನೋಡಿ ಕೊಡುತ್ತಿದ್ದರು. ಒಂದು ವಾರದ ನಂತರ ಆ ಮನುಷ್ಯ ಮತ್ತೆ ಅವರ ಮುಂದೆಯೇ ಬಂದು ಕೂರುತ್ತಿದ್ದ. ಲೆಕ್ಕ ಕೇಳುವವನು ಎದುರಿಗಿದ್ದ.

ಈ ವಿದ್ಯೆ ಕರ್ನಾಟಕದ ಮಣ್ಣಿನಲ್ಲಿ ಬೆಳೆದ ಬಗೆಗೆ ಒಂದು ಮಾತು ಹೇಳಲೇಬೇಕು. ಇತಿಹಾಸಕಾರ ಫಿರಿಶ್ತಾನ ಹೆಸರನ್ನು ಓದುಗರು ಕೇಳಿರುತ್ತಾರೆ. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ ದಖ್ಖನಿನ ಚರಿತ್ರೆ ಬರೆದವನು. ಅವನು ವೈದ್ಯಗ್ರಂಥವನ್ನೂ ಬರೆದಿದ್ದಾನೆ ಎಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ. ‘ದಸ್ತೂರುಲ್ ಅತಿಬ್ಬಾ’ ಎಂಬ ಆ ಪಾರಸಿ ಕೃತಿಯ ವಸ್ತು ಭಾರತೀಯ ವೈದ್ಯ, ಅಂದರೆ ಆಯುರ್ವೇದ. ಪಾರಸಿ ಬಲ್ಲ ಹಕೀಮನು ಈ ನೆಲದ ವೈದ್ಯರಿಂದ ಕಲಿಯಲು ಅದು ದಾರಿ ಮಾಡಿತು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ನಸುಗುನ್ನಿ, ನೆಗ್ಗಿಲು, ಅಶ್ವಗಂಧಗಳು ಎರಡೂ ಪದ್ಧತಿಗಳ ಪೆಟ್ಟಿಗೆಯಲ್ಲಿ ಇದ್ದವು. ಈಗ ಒಂದೇ ಬೇರನ್ನು ಒಬ್ಬರು ಹಸಿರು ಲೇಬಲ್ಲಿನಲ್ಲೂ ಇನ್ನೊಬ್ಬರು ಕೇಸರಿ ಲೇಬಲ್ಲಿನಲ್ಲೂ ಮಾರುತ್ತಿದ್ದಾರೆ.

ಇನ್ನು ಭಯದ ವಿಷಯ. ನಲವತ್ತು ಹನಿ ರಕ್ತದಿಂದ ಒಂದು ಹನಿ ಧಾತು ಎಂಬ ಲೆಕ್ಕವನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಅದು ಹೋದರೆ ಆಯುಷ್ಯವೇ ಹೋಯಿತೆಂದು ಎಷ್ಟೋ ಯುವಕರು ಒಳಗೊಳಗೇ ಕೊರಗಿದ್ದಾರೆ. ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಈ ಕೊರಗಿಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಆ ಬಳಿಕ ಇದು ಭಾರತೀಯರಿಗೆ ಮಾತ್ರ ಬರುವ ಕಾಯಿಲೆ ಎಂಬಂತೆ ಪಠ್ಯಗಳಲ್ಲಿ ಸೇರಿತು. ಆದರೆ 1760ರಲ್ಲಿ ಸ್ವಿಟ್ಸರ್ಲೆಂಡಿನ ವೈದ್ಯ ಟಿಸೋ ಇದೇ ಭಯವನ್ನು ಹಬ್ಬಿಸುವ ಪುಸ್ತಕ ಬರೆದು ಯುರೋಪಿಗೇ ನಿದ್ದೆಗೆಡಿಸಿದ್ದ. 1836ರಲ್ಲಿ ಫ್ರಾನ್ಸಿನ ಲಾಲ್‌ಮಾಂ ಅದಕ್ಕೊಂದು ವೈದ್ಯಕೀಯ ರೋಗದ ಪಟ್ಟ ಕಟ್ಟಿದ. ಅಲ್ಲಿನ ಭಯ ಇಲ್ಲಿನ ಭಯದೊಂದಿಗೆ ಸೇರಿದ್ದು ವಸಾಹತು ಕಾಲದಲ್ಲಿ. 1841ರಲ್ಲಿ ಮೆಕಾಲೆ ವಾರನ್ ಹೇಸ್ಟಿಂಗ್ಸ್ ಬಗೆಗಿನ ಪ್ರಬಂಧದಲ್ಲಿ ಬಂಗಾಳಿ ಗಂಡಸರನ್ನು ಹೆಣ್ಣಿಗರೆಂದು ಜರಿದ. ಮುಂದೆ ಸೈನ್ಯದಲ್ಲಿ ‘ಯೋಧ ಕುಲ’ಗಳೆಂದು ಪಟ್ಟಿಯಾಯಿತು. ಸೋತ ನಾಡಿನ ಗಂಡಸಿಗೆ ತನ್ನ ದೇಹವೇ ಸೋತಿದೆ ಎಂಬ ಅನುಮಾನ ಹತ್ತಿತು. ಅನುಮಾನ ಹತ್ತಿದವನಿಗೆ ಏನನ್ನಾದರೂ ಮಾರಬಹುದು.

ಮಾರಲು ಸಾಧನಗಳೂ ಆಗಲೇ ಸಿದ್ಧವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಗ್ಗದ ಕಲ್ಲಚ್ಚು, ದೇಶೀ ಭಾಷೆಗಳ ಪತ್ರಿಕೆ, ರೈಲು, ಅಂಚೆ ಎಲ್ಲವೂ ಬಂದಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ವಿ.ಪಿ.ಪಿ. ಬಂತು. ಹಣವನ್ನು ಮುಂಗಡ ಕಳಿಸಬೇಕಿಲ್ಲ, ಅಂಚೆಯವನು ಪೊಟ್ಟಣ ತಂದಾಗ ಕೊಟ್ಟರಾಯಿತು. ಹೆಸರು ಗುಟ್ಟಾಗಿರುತ್ತದೆ. ಇದು ಸಣ್ಣ ಬದಲಾವಣೆಯಲ್ಲ. ಇದುವರೆಗೆ ಮಾಜೂನು ಬೇಕಾದವನು ವೈದ್ಯನ ಮುಂದೆ ಕೂತು ಮಾತಾಡಬೇಕಿತ್ತು. ಆ ನಾಚಿಕೆಯ ಅರ್ಧ ಗಂಟೆಯಲ್ಲಿ ಅವನ ನಿದ್ರೆ, ಊಟ, ಮೂತ್ರ, ಸಾಲ, ಮನೆಯ ಜಗಳ ಎಲ್ಲ ಹೊರಬರುತ್ತಿತ್ತು. ವಿ.ಪಿ.ಪಿ. ಆ ಅರ್ಧ ಗಂಟೆಯನ್ನು ಕಿತ್ತುಹಾಕಿತು. ಪರೀಕ್ಷೆ ಮಾಡುವವರಿಲ್ಲದೆ ಔಷಧ ಮನೆಗೆ ಬಂತು. ಇಂದಿನ ಕೊರಿಯರ್ ಡಬ್ಬಿ ಆ ಪೊಟ್ಟಣದ ಮರಿಮಗ. ಗುಟ್ಟಾಗಿ ಪ್ಯಾಕ್ ಮಾಡಿ ಕಳಿಸುತ್ತೇವೆ ಎಂಬ ಭರವಸೆ ಈಗಲೂ ಹಾಗೆಯೇ ಇದೆ.

ವಿಜ್ಞಾನದ ಹೆಸರಿನಲ್ಲೂ ಇದೇ ನಡೆಯಿತು. 1889ರ ಜೂನ್‌ನಲ್ಲಿ ಪ್ಯಾರಿಸಿನಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ ವಿದ್ವಾಂಸರ ಸಭೆಯಲ್ಲಿ ಎದ್ದುನಿಂತರು. ಆಗ ಅವರಿಗೆ 72 ವರ್ಷ. ನಾಯಿ ಮತ್ತು ಗಿನಿಯಿಲಿಗಳ ವೃಷಣದ ಸಾರವನ್ನು ತಾವೇ ಚುಚ್ಚಿಕೊಂಡು ಯೌವನ ಮರಳಿತೆಂದು ಹೇಳಿದರು. ಆ ಸಾರದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನ್ ಇರಲು ಸಾಧ್ಯವೇ ಇರಲಿಲ್ಲ ಎಂಬುದು ನಂತರ ತಿಳಿಯಿತು. ಕೆಲಸ ಮಾಡಿದ್ದು ಅವರ ನಂಬಿಕೆ. ಆದರೂ ಯುರೋಪು, ಅಮೆರಿಕಗಳಲ್ಲಿ ಅಂಥ ಸಾರಗಳ ವ್ಯಾಪಾರ ಜೋರಾಗಿ ನಡೆಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೆಹಲಿಯ ತಿಬ್ಬಿನ ಮುಂದೆ ಎರಡು ದಾರಿಗಳಿದ್ದವು. ಹಕೀಮ್ ಅಜ್ಮಲ್ ಖಾನರು ಕಟ್ಟಿದ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಅಜ್ಮಲ್ ಖಾನರು ಸಲೀಮುಝ್ಝಮಾನ್ ಸಿದ್ದೀಕಿ ಎಂಬ ಯುವ ರಸಾಯನ ವಿಜ್ಞಾನಿಯನ್ನು ಕರೆತಂದು ಹಳೆಯ ಔಷಧಗಳನ್ನು ಪರೀಕ್ಷೆಗೆ ಒಡ್ಡುವ ಕೆಲಸಕ್ಕೆ ಅಡಿಪಾಯ ಹಾಕಿದರು. ಸಿದ್ದೀಕಿ 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ತಮ್ಮ ಗುರುವಿನ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಹೃದಯದ ಲಯದ ಒಂದು ಬಗೆಯ ದೋಷವನ್ನು ಪತ್ತೆಹಚ್ಚಲು ಇಂದಿಗೂ ಅದನ್ನು ಬಳಸುತ್ತಾರೆ. ಇದು ಕಷ್ಟದ ದಾರಿ, ನಿಧಾನದ ದಾರಿ. ಇನ್ನೊಂದು ದಾರಿ ಜಾಹೀರಾತಿನದು. ಹೆಚ್ಚಿನವರು ಅದನ್ನೇ ಹಿಡಿದರು.

ಸ್ವಾತಂತ್ರ್ಯದ ನಂತರ ಸರಕಾರ ಈ ಎರಡನೆಯ ದಾರಿಗೆ ಗೇಟು ಹಾಕಲು ಹೊರಟಿತು. ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಸಚಿವೆಯಾಗಿದ್ದ ಕಾಲದಲ್ಲಿ, 1954ರಲ್ಲಿ, ‘ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ’ ಬಂತು. ಲೈಂಗಿಕ ಸಾಮರ್ಥ್ಯವನ್ನು ಉಳಿಸುವ ಅಥವಾ ಹೆಚ್ಚಿಸುವ ಔಷಧಕ್ಕೆ ಜಾಹೀರಾತು ಕೊಡುವುದು ಅಪರಾಧವಾಯಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸಜೆ. ಗಮನಿಸಬೇಕಾದ ಅಂಶವೆಂದರೆ, ಔಷಧ ತಯಾರಿಸುವುದನ್ನಾಗಲಿ, ವೈದ್ಯರು ಅದನ್ನು ಕೊಡುವುದನ್ನಾಗಲಿ ಕಾಯ್ದೆ ತಡೆಯಲಿಲ್ಲ. ನೋಂದಾಯಿತ ವೈದ್ಯರಿಗೆ ಗುಟ್ಟಾಗಿ ಮಾಹಿತಿ ಕಳಿಸಬಹುದಿತ್ತು. ವೈದ್ಯರು ತಮ್ಮ ದವಾಖಾನೆಯಲ್ಲಿ ಬೋರ್ಡು ಹಾಕಬಹುದಿತ್ತು. ರೋಗಿಯನ್ನು ನೋಡದೆ ನೇರವಾಗಿ ಸಾರ್ವಜನಿಕರಿಗೆ ಆಸೆ ಹುಟ್ಟಿಸುವುದಷ್ಟೇ ನಿಷಿದ್ಧ. ಅಂದರೆ ವಿ.ಪಿ.ಪಿ. ಕಿತ್ತುಹಾಕಿದ ಆ ಅರ್ಧ ಗಂಟೆಯನ್ನು ಮರಳಿ ತರುವುದೇ ಕಾಯ್ದೆಯ ಉದ್ದೇಶವಾಗಿತ್ತೆಂದು ಹೇಳಬಹುದು.

ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಮುಂಚೂಣಿಯಲ್ಲಿದ್ದದ್ದು ಹಮ್‌ದರ್ದ್ ದವಾಖಾನೆ. ನಮ್ಮ ಸಮುದಾಯದಲ್ಲಿ ಹಮ್‌ದರ್ದ್ ಹೆಸರಿಗೆ ಇರುವ ಗೌರವವನ್ನು ವಿವರಿಸಬೇಕಿಲ್ಲ. 1906ರಲ್ಲಿ ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ಹಳೆಯ ದೆಹಲಿಯಲ್ಲಿ ಆರಂಭಿಸಿದ ಅಂಗಡಿ ಅದು. ದೇಶ ವಿಭಜನೆಯ ನಂತರ ಮಗ ಹಕೀಮ್ ಅಬ್ದುಲ್ ಹಮೀದ್ ದೆಹಲಿಯಲ್ಲೇ ಉಳಿದು 1948ರಲ್ಲಿ ಇಡೀ ಸಂಸ್ಥೆಯನ್ನು ವಕ್ಫ್ ಮಾಡಿದರು. ಅದರ ಆದಾಯದಿಂದ ಶಿಕ್ಷಣ ಸಂಸ್ಥೆಗಳು ಹುಟ್ಟಿದವು. ಇಂದಿನ ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾಲಯ ಅದರ ಫಲ. ಹೀಗಾಗಿ ಇದನ್ನು ಬಸ್ ನಿಲ್ದಾಣದ ಗೋಡೆಯವರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ 1958ರ ಡಿಸೆಂಬರಿನಲ್ಲಿ ದೆಹಲಿಯ ಔಷಧ ನಿಯಂತ್ರಕರು ಕಾಯ್ದೆ ಉಲ್ಲಂಘನೆಯಾಗಿದೆಯೆಂದು ತಿಳಿಸಿದಾಗ, ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿ ಜಾಹೀರಾತಿನ ಪರವಾಗಿ ವಾದಿಸಿತು. ಜಾಹೀರಾತು ವಾಕ್ ಸ್ವಾತಂತ್ರ್ಯದ ಒಂದು ಭಾಗ, ಈ ಕಾಯ್ದೆ ಅದನ್ನೂ ವ್ಯಾಪಾರದ ಹಕ್ಕನ್ನೂ ಕಸಿಯುತ್ತದೆ ಎಂಬುದು ವಾದ.

1959ರ ಡಿಸೆಂಬರ್ 18ರಂದು ತೀರ್ಪು ಬಂತು. ಔಷಧದ ಜಾಹೀರಾತು ವ್ಯಾಪಾರದ ಅಂಗ, ವಿಚಾರ ಪ್ರಸಾರಕ್ಕೆ ಇರುವ ರಕ್ಷಣೆಯನ್ನು ಅದು ಕೇಳಲಾಗದು, ಜನರು ತಮಗೆ ತಾವೇ ಔಷಧ ಮಾಡಿಕೊಂಡು ಕೆಡುವುದನ್ನು ತಡೆಯುವ ಕಾಯ್ದೆ ಸಿಂಧು ಎಂದು ನ್ಯಾಯಾಲಯ ಹೇಳಿತು. ಆದರೆ ಅರ್ಜಿದಾರರು ಪೂರ್ತಿ ಸೋಲಲಿಲ್ಲ. ಯಾವ ರೋಗವನ್ನು ಬೇಕಾದರೂ ಸರಕಾರ ತನ್ನ ಇಷ್ಟದಂತೆ ಪಟ್ಟಿಗೆ ಸೇರಿಸಬಹುದೆಂಬ ಮಾತನ್ನೂ, ಅಧಿಕಾರಿ ಬಂದು ಸಾಮಾನು ಜಪ್ತಿ ಮಾಡುವ ಮಿತಿಯಿಲ್ಲದ ಅಧಿಕಾರವನ್ನೂ ನ್ಯಾಯಾಲಯ ರದ್ದುಪಡಿಸಿತು. ಈ ಎರಡು ಅಂಶಗಳಲ್ಲಿ ಹಮ್‌ದರ್ದ್ ಸರಿಯಾಗಿತ್ತು, ನಾಗರಿಕರೆಲ್ಲರಿಗೂ ಉಪಕಾರ ಮಾಡಿತು ಎಂದೇ ನಮ್ಮ ಅಭಿಪ್ರಾಯ. ಮುಖ್ಯ ವಾದದಲ್ಲಿ ಮಾತ್ರ ಅದು ತಿಬ್ಬಿನ ಮೂಲ ಪಾಠಕ್ಕೇ ವಿರುದ್ಧವಾಗಿ ನಿಂತಿತ್ತು. ನಾಡಿ ನೋಡದೆ ಔಷಧ ಕೊಡಬಾರದೆಂದು ಕಲಿಸಿದ ಪರಂಪರೆಗೆ, ನಾಡಿ ನೋಡದವರಿಗೂ ಮಾರುವ ಹಕ್ಕು ಏಕೆ ಬೇಕಿತ್ತು? ಸರಕಾರ 1963ರಲ್ಲಿ ತಿದ್ದುಪಡಿ ತಂದು ರೋಗಗಳ ಪಟ್ಟಿಯನ್ನು ಕಾಯ್ದೆಗೇ ಸೇರಿಸಿತು. ಮಧುಮೇಹ, ಕ್ಯಾನ್ಸರ್‌ಗಳ ಜೊತೆ ನಪುಂಸಕತೆಯೂ ಅದರಲ್ಲಿದೆ. ಮುಂದೆ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಾಣಿಜ್ಯ ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆಯೆಂದಿತು. ಆದರೂ 1954ರ ಕಾಯ್ದೆ ಉಳಿದುಕೊಂಡಿದೆ.

ಹಾಗಾದರೆ ಪೂರಕಗಳೆಲ್ಲ ಮೋಸವೇ? ಅಲ್ಲ. ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಇಷ್ಟವಾದ ಅಧ್ಯಾಯ ಅದನ್ನೇ ತೋರಿಸುತ್ತದೆ. ಆನಂದ ಪ್ರಸಾದ್ ಬಿಹಾರದ ಬಕ್ಸರಿನವರು. ಪಾಟ್ನಾದಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ಹೆಚ್ಚಿನ ಶಿಕ್ಷಣ ಪಡೆದು, 1958ರಲ್ಲಿ ಇರಾನಿನ ಶಿರಾಝ್ ನಗರಕ್ಕೆ ಹೋದರು. ಅಲ್ಲಿ ಅವರ ಮುಂದೆ ಒಬ್ಬ ಯುವಕನನ್ನು ತಂದು ನಿಲ್ಲಿಸಿದರು. ವಯಸ್ಸು 21. ನೋಡಲು ಹತ್ತು ವರ್ಷದ ಹುಡುಗ. ಮೀಸೆ ಬಂದಿಲ್ಲ, ಗಂಡಸುತನದ ಬೆಳವಣಿಗೆಯೇ ಆಗಿಲ್ಲ, ರಕ್ತವಿಲ್ಲದೆ ಬಿಳಿಚಿಕೊಂಡಿದ್ದಾನೆ. ನಮ್ಮ ಗೋಡೆ ಬರಹದ ವೈದ್ಯನಿಗೆ ಇವನಿಗಿಂತ ಒಳ್ಳೆಯ ಗಿರಾಕಿ ಸಿಗುತ್ತಿರಲಿಲ್ಲ! ಪ್ರಸಾದ್ ಅವನಿಗೆ ಶಕ್ತಿಮದ್ದು ಕೊಡಲಿಲ್ಲ. ಏನು ತಿನ್ನುತ್ತೀ ಎಂದು ಕೇಳಿದರು. ಹುಳಿ ಬರಿಸದ ಗೋಧಿ ರೊಟ್ಟಿ, ಅದೇ ಮೂರು ಹೊತ್ತೂ. ಮಾಂಸ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ದಿನಕ್ಕೆ ಅರ್ಧ ಕಿಲೋದಷ್ಟು ಜೇಡಿಮಣ್ಣು ತಿನ್ನುವ ಅಭ್ಯಾಸ. ಇಂಥವರೇ ಇನ್ನೂ ಕೆಲವರು ಸುತ್ತಲ ಹಳ್ಳಿಗಳಿಂದ ಬಂದರು.

ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬರುತ್ತದೆ, ಬೆಳವಣಿಗೆ ಹೀಗೆ ನಿಲ್ಲುವುದಿಲ್ಲ. ಹಾಗಾದರೆ ಇನ್ನೇನೋ ಕಡಿಮೆ ಇದೆ. ಅದು ಸತು ಇರಬಹುದೆಂದು ಪ್ರಸಾದ್ ಮತ್ತು ಸಂಗಡಿಗರು 1961ರಲ್ಲಿ ಬರೆದರು. ಮನುಷ್ಯನಿಗೆ ಸತುವಿನ ಕೊರತೆ ಆಗಲು ಸಾಧ್ಯವೇ ಇಲ್ಲವೆಂದು ವಿಜ್ಞಾನಿಗಳು ನಂಬಿದ್ದ ಕಾಲವದು. ಅವರು ಕೈರೋಗೆ ಹೋಗಿ, ಈಜಿಪ್ಟಿನ ಹಳ್ಳಿಗಳ ಇಂಥದೇ ಯುವಕರ ರಕ್ತ ಮತ್ತು ಕೂದಲಿನಲ್ಲಿ ಸತು ಕಡಿಮೆ ಇರುವುದನ್ನು 1963ರ ಹೊತ್ತಿಗೆ ಅಳೆದು ತೋರಿಸಿದರು. ಸತು ಕೊಟ್ಟಾಗ ಆ ಹುಡುಗರು ಒಂದೇ ವರ್ಷದಲ್ಲಿ ಐದಾರು ಅಂಗುಲ ಬೆಳೆದರು. ಮೀಸೆ ಚಿಗುರಿತು, ಕೆಲವೇ ತಿಂಗಳುಗಳಲ್ಲಿ ಅವರು ಗಂಡಸರಾದರು. ಧಾನ್ಯಗಳ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ ಎಂಬುದೂ ತಿಳಿಯಿತು. ಹಿಟ್ಟು ಹುಳಿ ಬಂದಾಗ, ಕಾಳು ಮೊಳಕೆಯೊಡೆದಾಗ ಫೈಟೇಟ್ ಕಡಿಮೆಯಾಗುತ್ತದೆ. ನಮ್ಮ ಇಡ್ಲಿ, ದೋಸೆ, ಮೊಳಕೆ ಕಟ್ಟಿದ ರಾಗಿಯ ಮಹತ್ವ ಇಲ್ಲಿದೆ. 1974ರಲ್ಲಿ ಅಮೆರಿಕ ಸತುವಿಗೆ ದಿನದ ಪ್ರಮಾಣ ನಿಗದಿ ಮಾಡಿತು. ನಮ್ಮ ಐ.ಸಿ.ಎಂ.ಆರ್. 2020ರಲ್ಲಿ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಎಂದಿದೆ.

ಶಿರಾಝಿನ ಹುಡುಗನಿಗೆ ಸತು ಪವಾಡ ಮಾಡಿತು, ಏಕೆಂದರೆ ಅವನಲ್ಲಿ ಸತು ಇರಲಿಲ್ಲ. ಈಗ ಅದೇ ಸತುವನ್ನು, ಅದೇ ಕತೆಯ ಬಲದಿಂದ, ದಿನವೂ ಬಿರಿಯಾನಿ ತಿನ್ನುವವನಿಗೂ ‘ಟೆಸ್ಟೊಸ್ಟಿರಾನ್ ಹೆಚ್ಚಿಸುತ್ತದೆ’ ಎಂದು ಮಾರಲಾಗುತ್ತಿದೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ಬರೀ ಚೆಲ್ಲಿಹೋದರೆ ಚಿಂತೆಯಿರಲಿಲ್ಲ. ಬಹುಕಾಲ ಅತಿಯಾಗಿ ಸತು ತಿಂದರೆ ದೇಹದಲ್ಲಿ ತಾಮ್ರದ ಕೊರತೆಯಾಗಿ ರಕ್ತ, ನರಗಳು ಕೆಡುತ್ತವೆ.

ಹೆಚ್ಚಾದದ್ದು ಕೆಡುಕು ಮಾಡುತ್ತದೆ ಎಂಬುದಕ್ಕೆ ಗಂಡಸರ ಮೇಲೆಯೇ ನಡೆದ ಎರಡು ದೊಡ್ಡ ಪರೀಕ್ಷೆಗಳಿವೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೊಟೀನ್, ವಿಟಮಿನ್ ಇ ಅಥವಾ ಸುಮ್ಮನೆ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಇನ್ನೊಂದು ಪರೀಕ್ಷೆ ಅಮೆರಿಕ, ಕೆನಡಾಗಳಲ್ಲಿ 2001ರಲ್ಲಿ ಆರಂಭವಾಯಿತು. 35 ಸಾವಿರಕ್ಕೂ ಹೆಚ್ಚು ಗಂಡಸರು, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲೆಂದು ಸೆಲೆನಿಯಂ ಮತ್ತು ವಿಟಮಿನ್ ಇ. ಉಪಯೋಗ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರ ಲೆಕ್ಕದಲ್ಲಿ ವಿಟಮಿನ್ ಇ ಮಾತ್ರ ತಿಂದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಬಂದಿತ್ತು. ಆದರೂ ‘ಪ್ರಾಸ್ಟೇಟ್ ಆರೋಗ್ಯ’ ಎಂದು ಬರೆದ ಡಬ್ಬಿಗಳಲ್ಲಿ ಈ ಎರಡೂ ಈಗಲೂ ಸಿಗುತ್ತವೆ. ವಯಸ್ಸಾದವರ ಮೂತ್ರದ ತೊಂದರೆಗೆ ಹೆಸರಾದ ಸಾ ಪಾಲ್ಮೆಟೊ ಎಂಬ ಅಮೆರಿಕದ ತಾಳೆ ಜಾತಿಯ ಹಣ್ಣಿನ ಸಾರವನ್ನು ಮೂರು ಪಟ್ಟು ಪ್ರಮಾಣದವರೆಗೆ ಏರಿಸಿ ನೋಡಿದರು. ಸುಮ್ಮನೆ ಕೊಟ್ಟ ಗುಳಿಗೆಗಿಂತ ಅದು ಹೆಚ್ಚೇನೂ ಮಾಡಲಿಲ್ಲವೆಂದು 2011ರಲ್ಲೇ ವರದಿಯಾಯಿತು. ಅಶ್ವಗಂಧದ ಬಗ್ಗೆ ಸಣ್ಣ ಪ್ರಯೋಗಗಳಲ್ಲಿ ಒಂದಷ್ಟು ಒಳ್ಳೆಯ ಸೂಚನೆಗಳಿವೆ, ನಿಜ. ಆದರೆ ಅದರಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಕೆಲವರು ಹೇಳುವುದುಂಟು - ನಾನು ತಗೊಂಡೆ, ಅದೇ ದಿನ ಪರಿಣಾಮ ಕಾಣಿಸಿತು. ಬೇರು, ನಾರು ಅದೇ ದಿನ ಪರಿಣಾಮ ತೋರಿಸಿದರೆ ಸಂತೋಷಪಡಬೇಡಿ, ಅನುಮಾನಪಡಿ. 1998ರಲ್ಲಿ ವಯಾಗ್ರಾ ಬಂದ ಮೇಲೆ ಅದರೊಳಗಿನ ಸಿಲ್ಡೆನಾಫಿಲ್ ಎಂಬ ಔಷಧವನ್ನು ಗುಟ್ಟಾಗಿ ‘ಗಿಡಮೂಲಿಕೆ’ ಗುಳಿಗೆಗಳಲ್ಲಿ ಬೆರೆಸುವ ದಂಧೆ ಜಗತ್ತಿನಾದ್ಯಂತ ಹಬ್ಬಿದೆ. ಅಮೆರಿಕದ ಔಷಧ ಇಲಾಖೆ 2007ರಿಂದ 2016ರವರೆಗೆ ಪತ್ತೆಹಚ್ಚಿದ 776 ಕಲಬೆರಕೆ ಪೂರಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಸರ ಶಕ್ತಿಯ ಹೆಸರಿನಲ್ಲಿ ಮಾರಾಟವಾದವು. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಇಂಥದ್ದನ್ನು ತಿಳಿಯದೆ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಜಿಮ್ಮಿಗೆ ಹೋಗುವ ನಮ್ಮ ಹುಡುಗರ ಪ್ರೋಟೀನ್ ಪುಡಿಯ ಸ್ಥಿತಿಯೂ ಸಮಾಧಾನಕರವಲ್ಲ. ಭಾರತದಲ್ಲಿ ಮಾರುವ 36 ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಶೇ. 70ರಷ್ಟರಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ಸುಳ್ಳಾಗಿತ್ತು.

ಹಾಗಾದರೆ 1954ರ ಕಾಯ್ದೆ ಏನು ಮಾಡುತ್ತಿದೆ? ಆ ಕಾಯ್ದೆಯಲ್ಲಿ ಔಷಧ ಎಂದರೇನು ಎಂದು ಹೇಳುವ ಕಡೆ ಒಂದು ಸಣ್ಣ ಮಾತಿದೆ: ದೇಹದ ರಚನೆ ಅಥವಾ ಕ್ರಿಯೆಯ ಮೇಲೆ ಪ್ರಭಾವ ಬೀರಲೆಂದಿರುವ ವಸ್ತು, ಆಹಾರವನ್ನು ಬಿಟ್ಟು. ಈ ‘ಆಹಾರವನ್ನು ಬಿಟ್ಟು’ ಎಂಬುದೇ ಇವತ್ತಿನ ಹೆಬ್ಬಾಗಿಲು. ಮಾಜೂನು ಔಷಧವಾಗಿತ್ತು, ಡಬ್ಬಿ ಆಹಾರವಾಯಿತು. 2006ರ ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಪೂರಕಗಳಿಗೆ 2016ರಲ್ಲಿ ನಿಯಮ ರೂಪಿಸಿ 2018ರಿಂದ ಜಾರಿಗೆ ತಂದರು. ಔಷಧವಾಗಿ ಬಳಸಲು ಅಲ್ಲ ಎಂದು ಲೇಬಲ್ಲಿನ ಮೇಲೆ ಎದ್ದು ಕಾಣುವಂತೆ ಬರೆಯಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಆದ್ದರಿಂದ ಜಾಹೀರಾತುದಾರರು ಹಳೆಯ ಪದಗಳನ್ನು ಬಿಟ್ಟು ಚೈತನ್ಯ, ಸ್ಟ್ಯಾಮಿನಾ, ಆತ್ಮವಿಶ್ವಾಸ ಎನ್ನುತ್ತಾರೆ. ಚಿತ್ರದಲ್ಲಿ ಕುದುರೆ ಇರುತ್ತದೆ. ಕುದುರೆಗೆ ಯಾವ ಕಾಯ್ದೆಯೂ ಅನ್ವಯಿಸುವುದಿಲ್ಲ.

ನಮ್ಮ ಪರಿಚಯದವರೊಬ್ಬರು ಹದಿನೈದು ವರ್ಷ ಕೊಲ್ಲಿ ದೇಶದಲ್ಲಿ ವಾಹನ ಓಡಿಸಿ ಊರಿಗೆ ಮರಳಿದರು. ಬರುವಾಗ ಪೆಟ್ಟಿಗೆಯಲ್ಲಿ ಏಳೆಂಟು ಡಬ್ಬಿಗಳಿದ್ದವು. ಅದಾಗಲೇ ಮೂರು ವರ್ಷದಿಂದ ಒಂದಲ್ಲ ಒಂದು ತಿನ್ನುತ್ತಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಯಾವುದೂ ಕೆಲಸ ಮಾಡದೆ, ಕೊನೆಗೆ ಇನ್ನೂ ಬಲವಾದದ್ದನ್ನು ಕೇಳಲು ಪಕ್ಕದ ಪಟ್ಟಣದ ಹಿರಿಯ ಹಕೀಮರೊಬ್ಬರ ಬಳಿ ಹೋದರು. ಹಕೀಮ್ ಸಾಹೇಬರು ನಾಡಿ ಹಿಡಿದರು, ನಾಲಿಗೆ ನೋಡಿದರು, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂದು ಕೇಳಿದರು. “ಭಾಯಿ, ನನ್ನ ಹತ್ತಿರ ಮಾಜೂನು ಇದೆ, ಆದರೆ ಈಗ ಕೊಡುವುದಿಲ್ಲ. ಮೊದಲು ಶುಗರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ” ಎಂದರು. ಸಕ್ಕರೆ ಮುನ್ನೂರು ದಾಟಿತ್ತು.

ಮಧುಮೇಹ, ರಕ್ತದೊತ್ತಡ, ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು - ಇವು ಮೊದಲು ತಲೆದೋರುವುದು ಎಷ್ಟೋ ಸಲ ಇದೇ ‘ದೌರ್ಬಲ್ಯ’ದ ರೂಪದಲ್ಲಿ. ಡಬ್ಬಿ ತಿನ್ನುತ್ತ ಕಳೆದ ಮೂರು ವರ್ಷ ಅವರ ಕಣ್ಣಿನ ಪೊರೆಯ ಹಿಂದಿನ ಸಣ್ಣ ರಕ್ತನಾಳಗಳನ್ನೂ ಕಾಲಿನ ನರಗಳನ್ನೂ ತಿಂದಿತ್ತು. ಅವರಿಗೆ ಈಗ ವೈದ್ಯರು ಒಂದು ಪೂರಕವನ್ನು ಬರೆದುಕೊಟ್ಟಿದ್ದಾರೆ, ವಿಟಮಿನ್ ಬಿ12. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಬಹುಕಾಲದಲ್ಲಿ ಬಿ12ನ್ನು ಕಡಿಮೆ ಮಾಡುತ್ತದೆ. ರಕ್ತದಲ್ಲಿ ಅಳೆದು, ಕಡಿಮೆ ಇದೆಯೆಂದು ಕಂಡು, ಎಷ್ಟು ಕಾಲ ಎಂದು ಹೇಳಿ ಕೊಟ್ಟದ್ದು ಅದು. ಮಾಂಸ ತಿನ್ನದವರಿಗೂ ಬಿ12, ಬಿಸಿಲು ಕಾಣದೆ ಕೆಲಸ ಮಾಡುವವರಿಗೆ ವಿಟಮಿನ್ ಡಿ, ಹೀಗೆಯೇ ಅಳೆದು ಕೊಡಬೇಕಾದವು. ಯೂನಾನಿಯಲ್ಲೇ ನಂಬಿಕೆ ಇರುವವರು ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಗೆ ಹೋಗಬಹುದು. ಅಲ್ಲಿ ಹೊರರೋಗಿ ವಿಭಾಗವಿದೆ, ವೈದ್ಯರು ಎದುರಿಗೆ ಕೂರಿಸಿಕೊಂಡು ನೋಡುತ್ತಾರೆ. ಹೋಗುವಾಗ ಮನೆಯಲ್ಲಿ ಗುಟ್ಟಾಗಿ ತಿನ್ನುತ್ತಿರುವ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಇಡಿ.